ಎಂಬಿಎ ಪರೀಕ್ಷೆಯೂ ಮೆಟ್ಟಿಲ ಮೇಲಿನ ಮಾವನವರೂ

ನಗು ಬರುವಂಥ ಸಂಗತಿಗಳು ಹೊತ್ತು ಗೊತ್ತು ನೋಡಿಕೊಂಡು ಬರುವುದಿಲ್ಲ. ಸತ್ತವರ ಮನೆಗೆ ಮಾತಾಡಿಸಲು ಹೋದಾಗಲೂ ಯಾರಾದರೊಬ್ಬರು ಇನ್ನೊಬ್ಬರ ಚಪ್ಪಲಿ ಮೆಟ್ಟಿಕೊಂಡು ನಡೆದೇ ಬಿಡುತ್ತಾರೆ, ಉಳಿದವರು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯುವುದಿಲ್ಲ. ಪ್ರವೇಶ ಪರೀಕ್ಷೆಯ ಪಾಠ ಹೇಳುವವರಿಗಂತೂ ಇಂಥವು ವರ್ಷ ತಪ್ಪದೆ ಬರುತ್ತವೆ. ನನಗೆ ಬಂದವು ಹೆಚ್ಚುಕಡಿಮೆ ಎಲ್ಲವೂ ಒಂದೇ ವರ್ಷ, ಒಂದೇ ಮನೆಯವರಿಂದ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಸಿಂದಗಿಯ ಒಂದು ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತಿದ್ದೆ. ಎಂಬಿಎ ಪ್ರವೇಶ ಪರೀಕ್ಷೆಗೆ ಕೂಡುವವರಿಗಾಗಿ ರವಿವಾರ ಒಂದು ಕ್ಲಾಸು ಶುರು ಮಾಡಿದ್ದೆ. ಜಾಗ, ಕಾಳುಕಡಿ ದಲಾಲಿಯ ಒಂದು ಆಡತಿ ಅಂಗಡಿಯ ಮಹಡಿ. ಕೆಳಗೆ ತೊಗರಿ ಚೀಲಗಳು, ಮೇಲೆ ನಾವು. ಗಾಳಿ ಬೀಸಿದರೆ ಇಡೀ ಕ್ಲಾಸು ಒಟ್ಟಿಗೆ ಸೀನುತ್ತಿತ್ತು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯಿಂದ ಹುಡುಗರು ಬಸ್ಸು ಬದಲಿಸಿ ಬರುತ್ತಿದ್ದರು. ಎಂಬಿಎ ಅಂದರೇನು ಅಂತ ಅವರ ಮನೆಯವರಿಗೆ ಗೊತ್ತಿರಲಿಲ್ಲ. ಎಂಕಾಂ ಮಾಡಿದ ನನಗೂ ಅಷ್ಟಕ್ಕಷ್ಟೇ. ಸೋಲಾಪುರದಿಂದ ತರಿಸಿದ ಒಂದು ದಪ್ಪ ಗೈಡಿಗೆ ಮಾತ್ರ ಎಲ್ಲ ಗೊತ್ತಿತ್ತು. ಅದನ್ನು ಬರೆದವರು ದಿಲ್ಲಿಯವರು. ನಮ್ಮ ಕಡೆ ಜನ ಹೇಗೆ ಬದುಕುತ್ತಾರೆ ಅನ್ನುವುದೊಂದು ಬಿಟ್ಟು ಬೇರೆಲ್ಲ ಅದರಲ್ಲಿತ್ತು.

ಹಚ್ಚಿದ ಜಗಳ

ಬರೆಯುವ ಪರೀಕ್ಷೆ ಪಾಸಾದವರಿಗೆ ಗುಂಪು ಚರ್ಚೆ ಅಂತ ಒಂದಿರುತ್ತದೆ. ಏಳೆಂಟು ಮಂದಿಯನ್ನು ಸುತ್ತ ಕೂಡಿಸಿ ಒಂದು ವಿಷಯ ಕೊಡುತ್ತಾರೆ. ಯಾರು ಚೆನ್ನಾಗಿ ವಾದಿಸುತ್ತಾರೋ ಅವರಿಗೆ ಅಂಕ. ನಾನು ಕೊಟ್ಟ ವಿಷಯ, ದೊಡ್ಡ ಅಣೆಕಟ್ಟುಗಳು ಬೇಕೋ ಬೇಡವೋ. ಆಲಮಟ್ಟಿಯ ಕಾಲುವೆ ಆಫೀಸಿನಲ್ಲಿ ಕೆಲಸಕ್ಕಿದ್ದ ಹುಡುಗ ಬೇಕು ಅಂದ. ಹಿನ್ನೀರಿನಲ್ಲಿ ಊರು ಕಳೆದುಕೊಂಡು ಹೊಸ ವಸತಿಗೆ ಬಂದಿದ್ದ ಇನ್ನೊಬ್ಬ ಹುಡುಗ ಬೇಡ ಅಂದ. ಶುರುವಿನಲ್ಲಿ ಇಂಗ್ಲಿಷಿನಲ್ಲಿತ್ತು. ಆಮೇಲೆ ಕನ್ನಡಕ್ಕಿಳಿಯಿತು. ಆಮೇಲೆ ಇಬ್ಬರೂ ಎದ್ದು ನಿಂತರು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹಿರಿಯರು ಕಾಣಿಸಿಕೊಂಡರು. ಧೋತರ, ತಲೆಗೆ ಬಿಳಿ ಪಟಕಾ, ದಪ್ಪ ಮೀಸೆ. ಅವರ ಹಿಂದೆ ತಲೆ ತುಂಬ ಸೆರಗು ಹೊದ್ದ ಒಬ್ಬ ಹೆಣ್ಣುಮಗಳು. ಹಿರಿಯರು ಚಪ್ಪಲಿ ಬಿಟ್ಟು ನೇರ ಒಳಗೆ ಬಂದು ಇಬ್ಬರು ಹುಡುಗರ ನಡುವೆ ನಿಂತುಬಿಟ್ಟರು.

"ತಡೀರಿ. ಮುಳುಗಿದ್ದು ಯಾರ ಊರು?"

"ನಮ್ಮದ್ರಿ."

"ಮತ್ತ ಇಂವ ಏನಂತಾನ?"

"ಮುಳುಗಿದ್ದು ಚಲೋ ಆತು ಅಂತಾನ್ರಿ."

ಹಿರಿಯರು ಕಾಲುವೆ ಆಫೀಸಿನ ಹುಡುಗನ ಕಡೆ ತಿರುಗಿದರು. "ನೀ ಅದ ನೀರಿನ ಪಗಾರ ಉಣ್ಣಾಂವೇನು?"

"ಹೌದ್ರಿ."

"ಹಂಗಾದ್ರ ಇವನ್ನ ಕೆಳಗ ಕರ್ಕೊಂಡು ಹೋಗಿ ಒಂದು ಚಾ ಕುಡಸು. ಊರಂತೂ ತಿರುಗಿ ಬರಂಗಿಲ್ಲ."

ಇಬ್ಬರೂ ತಲೆ ತಗ್ಗಿಸಿಕೊಂಡು ಚಹಾ ಕುಡಿಯಲು ಹೋದರು. ನನ್ನ ಗುಂಪು ಚರ್ಚೆ ಅಲ್ಲಿಗೆ ಮುಗಿಯಿತು. "ಕಾಕಾರ, ಅದು ಖರೇ ಜಗಳ ಅಲ್ಲರಿ. ನಾನ ಹಚ್ಚಿದ್ದು. ಹಿಂಗ ವಾದ ಮಾಡಿದ್ದಕ್ಕ ಪರೀಕ್ಷಾದಾಗ ಮಾರ್ಕ್ಸ್ ಕೊಡ್ತಾರ" ಅಂದೆ.

ಅವರು ನನ್ನ ಕಡೆ ತಿರುಗಿದರು. "ಜಗಳಾಡಿದ್ದಕ್ಕ ಕೊಡ್ತಾರು, ಬಗಿಹರಿಸಿದ್ದಕ್ಕ ಕೊಡೂದಿಲ್ಲೇನ್ರಿ?"



ಬಾಯಿ ಬಿಡದ ವಿದ್ಯಾರ್ಥಿನಿ

ಅವರು ದೇವರ ಹಿಪ್ಪರಗಿ ಕಡೆಯವರು, ಜೋಳ ತೊಗರಿ ಬೆಳೆಯುವ ಅನುಕೂಲಸ್ಥ ಮನೆತನ. ಹಿಂದೆ ನಿಂತಿದ್ದವಳು ಅವರ ಸೊಸೆ. ಒಬ್ಬನೇ ಮಗ ಮದುವೆಯಾದ ಎರಡನೇ ವರ್ಷಕ್ಕೆ ಮೋಟರ್ ಸೈಕಲ್ಲಿನಿಂದ ಬಿದ್ದು ತೀರಿಕೊಂಡಿದ್ದ. ಸೊಸೆ ಬಿಕಾಂ ಓದಿದವಳು.

"ಆಕಿನ್ನ ಮುಂದ ಓದಸ್ತೇನಿ ಅಂತಿದ್ದ ನನ್ನ ಮಗ. ನಾ ಬ್ಯಾಡ ಅಂತಿದ್ದೆ. ಬಾಳ ದಿನ ಜಗಳಾಡಿದ್ವಿ" ಅಂದರು ಮಾವನವರು. "ಈಗ ಜಗಳಾಡಾಂವ ಇಲ್ಲ. ಗೆದ್ದು ಏನ್ ಮಾಡ್ಲಿ, ಬರಸಿಕೊಳ್ರಿ ಹೆಸರು."

ನಾನು ಸೊಸೆಯ ಕಡೆ ನೋಡಿ ಹೆಸರು ಕೇಳಿದೆ. ಮಾವನವರು ಹೇಳಿದರು. ಕಾಲೇಜು ಯಾವುದು ಅಂದೆ. ಅದನ್ನೂ ಅವರೇ ಹೇಳಿದರು. ಲೆಕ್ಕ ಚೆನ್ನಾಗಿ ಬರುತ್ತದೆಯೇ ಅಂದೆ. "ಬರ್ತೈತ್ರಿ" ಅಂದರು ಅವರೇ.

ನಮ್ಮ ಕಡೆ ಹಳೆಯ ಮನೆತನಗಳಲ್ಲಿ ಸೊಸೆ ಮಾವನ ಮುಂದೆ ಮಾತಾಡುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಅತ್ತೆ ಇದ್ದರೆ ಮಾತು ಅವಳ ಮೂಲಕ ಹೋಗುತ್ತದೆ. ಇವರ ಮನೆಯಲ್ಲಿ ಅತ್ತೆ ಎಂದೋ ತೀರಿದ್ದರು. ಇದ್ದವರು ಮಾವನವರ ಅಕ್ಕ, ಎರಡೂ ಕಿವಿ ಕೇಳಿಸದ ಮುದುಕಿ. ಮಾವನವರು ಆ ಮುದುಕಿಯ ಎದುರು ನಿಂತು "ಯಕ್ಕಾ, ಇವತ್ತ ನಾ ಪ್ಯಾಟಿಗೆ ಹೊಂಟೇನಿ, ಎರಡು ರೊಟ್ಟಿ ಕಟ್ಟಬೇಕು" ಅನ್ನುತ್ತಿದ್ದರಂತೆ. ಒಳಗಿನಿಂದ ಸೊಸೆ ಮೆಲುದನಿಯಲ್ಲಿ "ಆಯೀ, ಪಲ್ಯಾ ಯಾವುದು ಹಾಕ್ಲಿ ಅಂತ ಕೇಳ್ರಿ" ಅನ್ನುತ್ತಿದ್ದಳಂತೆ. ಮುದುಕಿಗೆ ಒಂದಕ್ಷರ ಕೇಳಿಸುತ್ತಿರಲಿಲ್ಲ. ಬುತ್ತಿ ಮಾತ್ರ ದಿನಾ ಸರಿಯಾಗಿ ಕಟ್ಟಿರುತ್ತಿತ್ತು.

ನನ್ನ ಕ್ಲಾಸಿನಲ್ಲಿ ಮುದುಕಿಯ ಜಾಗ ನನಗೆ ಬಂತು. ಮಾವನವರು ಹಿಂದಿನ ಬೆಂಚಿನಲ್ಲಿ ಕೂತಿದ್ದರೆ ಈಕೆ ತುಟಿ ಬಿಚ್ಚುತ್ತಿರಲಿಲ್ಲ. ಬಸ್ಸಿನಲ್ಲಿ ಒಬ್ಬಳನ್ನೇ ಕಳಿಸಲು ಅವರು ತಯಾರಿರಲಿಲ್ಲ. ಕೊನೆಗೆ ನಾನು ಹೇಳಿದ್ದಕ್ಕೆ ಹೊರಗೆ ಮೆಟ್ಟಿಲ ಮೇಲೆ, ಬಾಗಿಲಿಗೆ ಬೆನ್ನು ಮಾಡಿ ಕೂಡಲು ಒಪ್ಪಿಕೊಂಡರು. ಆ ದಿನ ಅವಳು ಎದ್ದು ನಿಂತು ಒಂದು ಲೆಕ್ಕ ಬಿಡಿಸಿ ವಿವರಿಸಿದಳು. ಧ್ವನಿ ಗಟ್ಟಿಯಾಗಿತ್ತು, ಸ್ಪಷ್ಟವಾಗಿತ್ತು. ಕ್ಲಾಸು ಬಿಟ್ಟ ಮೇಲೆ ಮಾವನವರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, "ಈಗ ಮಾತಾಡಿದಾಕಿ ನಮ್ಮಾಕೀ ಏನ್ರಿ?"

ಊಟದ ಹೊತ್ತಿಗೆ ಮೆಟ್ಟಿಲಿಂದ ಶುರುವಾಗುತ್ತಿತ್ತು. ಮಾವನವರಿಗೆ ನಾನು ಅಕ್ಕೋರು, ಸೊಸೆಗೆ ಮೇಡಂ.

"ಅಕ್ಕೋರ, ಆಕಿಗೆ ಬುತ್ತಿ ಉಣ್ಣು ಅನ್ರಿ."

"ಮೇಡಂ, ಮೊದಲ ಅವರು ಉಣ್ಲಿ ಅನ್ರಿ."

"ಅಕ್ಕೋರ, ನನಗ ಹಸಿವಿಲ್ಲ ಅನ್ರಿ."

"ಮೇಡಂ, ಮುಂಜಾನೆನೂ ಏನೂ ತಿಂದಿಲ್ಲ ಅನ್ರಿ."

ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಇಬ್ಬರೂ ಅವರವರ ಜಾಗದಲ್ಲಿ ಉಣ್ಣುತ್ತಿರುತ್ತಿದ್ದರು. ಇಡೀ ವ್ಯವಹಾರದಲ್ಲಿ ನನ್ನ ಕೆಲಸ ನಡುವೆ ನಿಂತಿರುವುದು ಮಾತ್ರ.

ಒಂದು ದಿನ ನಾನು ಹುಡುಗರಿಗೆ ಎಚ್ಚರಿಕೆ ಹೇಳುತ್ತಿದ್ದೆ. ತಪ್ಪು ಉತ್ತರ ಬರೆದರೆ ಕಾಲು ಅಂಕ ಕಳೆಯುತ್ತಾರೆ, ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಖಾಲಿ ಬಿಟ್ಟರೆ ಏನೂ ಕಳೆಯುವುದಿಲ್ಲ. ಮೆಟ್ಟಿಲಿಂದ ಪ್ರಶ್ನೆ ಬಂತು. "ಅಕ್ಕೋರ, ಸುಮ್ನಿದ್ರ ಏನೂ ಕಳಿಯಂಗಿಲ್ಲ ಅಂದ್ರಿ?"

"ಹೌದ್ರಿ."

"ಹಂಗಾದ್ರ ನಮ್ಮ ಮನ್ಯಾಗ ಮೂರೂ ಮಂದಿ ಪಾಸು."

ದುಂಡು ಮೇಜು

ಗೈಡಿನಲ್ಲಿ ಒಂದು ಜಾತಿಯ ಪ್ರಶ್ನೆ ಬರುತ್ತದೆ. ಒಂದು ಕುಟುಂಬದ ಆರು ಮಂದಿ ದುಂಡು ಮೇಜಿನ ಸುತ್ತ ಊಟಕ್ಕೆ ಕೂತಿದ್ದಾರೆ, ಮಗ ತಾಯಿಯ ಬಲಕ್ಕೆ, ಮಗಳು ತಂದೆಯ ಎಡಕ್ಕೆ, ಹೀಗೆ ನಾಲ್ಕಾರು ಸುಳಿವು, ಹಾಗಾದರೆ ಮಾವನ ಎದುರಿಗೆ ಯಾರು? ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಸರಿಯಾದದ್ದು, ಸೊಸೆ.

ಇಡೀ ಕ್ಲಾಸಿನಲ್ಲಿ ಒಬ್ಬರೂ ಅದನ್ನು ಬರೆಯಲಿಲ್ಲ. ಎಲ್ಲರೂ ಮೊದಲು ಹೊಡೆದುಹಾಕಿದ್ದೇ ಸೊಸೆಯನ್ನು. ಉಳಿದ ಮೂರರಲ್ಲಿ ಯಾವುದೂ ಕೂಡಿಬರದೆ ತಲೆ ಕೆರೆದುಕೊಳ್ಳುತ್ತಿದ್ದರು. ಇಂಡಿಯಿಂದ ಬರುತ್ತಿದ್ದ ನಿಂಬೆ ತೋಟದವರ ಹುಡುಗ ಅಂದ, "ಮೇಡಂ, ಗೈಡ್ ತಪ್ಪೈತ್ರಿ."

"ತಪ್ಪಿಲ್ಲ. ಮಾವನ ಎದುರು ಸೊಸಿ ಕುಂತಾಳ."

ಯಾರೂ ಒಪ್ಪಲಿಲ್ಲ. ನಮ್ಮ ಸೊಸೆ ಎದ್ದು ನಿಂತು ಶಾಂತವಾಗಿ ವಿವರಿಸಿದಳು. "ಸೊಸಿ ಎಲ್ಲಾರಿಗೂ ನೀಡಬೇಕಲ್ರಿ ಮೇಡಂ. ಆಕಿ ಆಮ್ಯಾಲೆ ಒಳಗ ಉಣ್ತಾಳ. ಮೇಜಿಗೆ ಐದ ಮಂದಿ ಇರತಾರ."

ತರ್ಕದಲ್ಲಿ ಏನೂ ದೋಷವಿರಲಿಲ್ಲ. ಪರೀಕ್ಷೆ ಮುಗಿಯುವವರೆಗೆ ನೀವೆಲ್ಲ ದಿಲ್ಲಿಯವರು ಅಂತ ತಿಳಿದುಕೊಳ್ಳಿ ಅಂತ ಹೇಳಿ ಪುಟ ತಿರುಗಿಸಿದೆ.

ತಿರುಗಿಸಬಾರದಿತ್ತು. ಮುಂದಿನ ಪ್ರಶ್ನೆಯನ್ನು ಓದಲು ಶುರು ಮಾಡಿದವಳು ಅರ್ಧಕ್ಕೆ ಬಂದ ಮೇಲೆ ಅದೇನು ಅಂತ ಗೊತ್ತಾಯಿತು. ನಿಲ್ಲಿಸಿದರೆ ಇನ್ನೂ ಕೆಟ್ಟದಾಗುತ್ತಿತ್ತು. ಒಬ್ಬ ಹೆಣ್ಣುಮಗಳು ಒಂದು ಫೋಟೋ ತೋರಿಸಿ ಹೇಳುತ್ತಾಳೆ, 'ಇವರು ನನ್ನ ಮಾವನ ಒಬ್ಬನೇ ಮಗ.' ಫೋಟೋದಲ್ಲಿರುವವರು ಆಕೆಗೆ ಏನಾಗಬೇಕು?

ಹುಡುಗರು ಯಾರೂ ತಲೆ ಎತ್ತಲಿಲ್ಲ. ಕೆಳಗೆ ಯಾರೋ ತೂಕದ ಕಲ್ಲು ಎತ್ತಿ ಇಡುತ್ತಿದ್ದರು. ಅವಳು ಪುಸ್ತಕದ ಮೇಲೆ ಬಗ್ಗಿ, ಸರಿಯಾದ ಉತ್ತರಕ್ಕೆ ಗುರುತು ಹಾಕಿ, ಪೆನ್ನು ಮುಚ್ಚಿಟ್ಟಳು.

ಮಾವನವರು ಮೆಟ್ಟಿಲ ಮೇಲಿಂದಲೇ ಕೇಳಿದರು.

"ಅಕ್ಕೋರ, ಇದಕ್ಕ ಎಷ್ಟು ಮಾರ್ಕ್ಸ್?"

"ಒಂದ್ರಿ ಕಾಕಾರ."

"ಒಂದ ಏನ್ರಿ?" ಅಂದರು ಅವರು. "ಪುಸ್ತಕಾ ಬರದಾಂವ ಇನ್ನೂ ಸಣ್ಣಾಂವ ಇರಬೇಕು."

ಅಣ್ಣ ಬಂದದ್ದು

ಒಂದು ರವಿವಾರ ಕ್ಲಾಸು ನಡೆಯುತ್ತಿದ್ದಾಗಲೇ ಮುದ್ದೇಬಿಹಾಳದಿಂದ ಅವಳ ಅಣ್ಣ ಜೀಪು ತೆಗೆದುಕೊಂಡು ಬಂದ. ತಂಗಿಯನ್ನು ಕರೆದುಕೊಂಡು ಹೋಗಲು ಬಂದಿದ್ದ. ಬಾಗೇವಾಡಿಯಲ್ಲಿ ಒಂದು ಸಂಬಂಧ ನೋಡಿದ್ದರಂತೆ. ಹೆಂಡತಿ ತೀರಿದವನು, ಎರಡು ಮಕ್ಕಳು, ಬಟ್ಟೆ ಅಂಗಡಿ.

"ಅಣ್ಣ, ನಾ ಪರೀಕ್ಷಾ ಬರೀತೇನಿ" ಅಂದಳು ತಂಗಿ. ಅಣ್ಣನ ಜೊತೆ ಮಾತಾಡಲು ಅವಳಿಗೆ ಯಾರೂ ನಡುವೆ ಬೇಕಿರಲಿಲ್ಲ. "ನನ್ನ ಕೇಳದ ಯಾಕ ಮಾತು ಕೊಟ್ಟಿ?"

ಅಣ್ಣ ಅವಳಿಗೆ ಉತ್ತರ ಹೇಳದೆ ಮೆಟ್ಟಿಲ ಕಡೆ ತಿರುಗಿದ. "ಮಾಮಾರ, ಏನಿದು ಎಂಬಿಎ ಅಂದ್ರ? ಏನ್ ಕಲಸ್ತಾರ ಅದರಾಗ?"

"ಕಾರಭಾರ ನಡಸೂದು ಕಲಸ್ತಾರ."

"ಆಕಿಗೆ ಬರೂದಿಲ್ಲೇನು ಅದು?"

"ಮಗ ಹೋದಮ್ಯಾಲೆ ನಮ್ಮ ಮನಿ ಕಾರಭಾರ ಎಲ್ಲಾ ಆಕೀನ ನಡಸ್ಯಾಳ."

"ಬರೂದನ್ನ ಕಲಿಯಾಕ ಯಾಕ ಕಳಸ್ತೀರಿ?"

"ನಿನಗ ಹೇಳಿದ್ರ ನಂಬೂದಿಲ್ಲ. ಅದಕ್ಕ ಸರ್ಟಿಫಿಕೇಟ್ ತರಾಕ ಕಳಸ್ತೇನಿ."

ಅಣ್ಣ ಕೆಟ್ಟವನಲ್ಲ. ತಂಗಿಯ ಮುಂದಿನ ಬಾಳು ಹೇಗೆ ಅನ್ನುವ ಚಿಂತೆ ಅವನಿಗೂ ಇತ್ತು. ಕೊನೆಗೆ ಮಾವನವರೇ ಒಂದು ತೀರ್ಮಾನ ಮಾಡಿದರು. ಪರೀಕ್ಷೆಯಲ್ಲಿ ಸೀಟು ಸಿಕ್ಕರೆ ಓದಲು ಹೋಗಲಿ, ಸಿಗದಿದ್ದರೆ ಅಣ್ಣ ಕರೆದುಕೊಂಡು ಹೋಗಲಿ. ಅವಳೂ ತಲೆಯಾಡಿಸಿದಳು. ಜೀಪು ಖಾಲಿ ಹೋಯಿತು.

ಅವನು ಹೋದ ಮೇಲೆ ನಾನು ಅಂದೆ, "ಕಾಕಾರ, ಪಾಸಾದ್ರ ಹಾಸ್ಟೆಲ್, ನಪಾಸಾದ್ರ ಬಾಗೇವಾಡಿ. ಎರಡರಾಗೂ ಆಕಿ ನಿಮ್ಮ ಮನಿ ಬಿಟ್ಟು ಹೋಗೂದ ಆತಲ್ರಿ?"

ಅವರು ಪಟಕಾ ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಾ ಹೇಳಿದರು, "ನಿಮ್ಮ ಗೈಡಿನಾಗ ಕಡೀಕ 'ಮ್ಯಾಲಿನ ಯಾವುದೂ ಅಲ್ಲ' ಅಂತ ಒಂದು ಉತ್ತರ ಇರತೈತಲ್ರಿ. ಈ ಪ್ರಶ್ನಾಕ್ಕ ಅದನ್ನ ಹಾಕೂದು ಮರತಾರ."

ಗೋಡೆ ಕಡೆ ಮುಖ

ವಿಜಾಪುರದಲ್ಲಿ ಬರೆದ ಪರೀಕ್ಷೆ ಪಾಸಾಯಿತು. ಗುಂಪು ಚರ್ಚೆಯೂ ಮುಗಿಯಿತು. ಉಳಿದದ್ದು ಸಂದರ್ಶನ, ಹುಬ್ಬಳ್ಳಿ ಕಡೆಯ ಒಂದು ಕಾಲೇಜಿನಲ್ಲಿ. ಮೂವರೂ ಹೋದೆವು. ಅವಳು ಒಳಗೆ ಹೋದಳು. ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ ಕೂತೆವು.

ಸ್ವಲ್ಪ ಹೊತ್ತಿಗೆ ಜವಾನ ಬಂದು ನನ್ನನ್ನು ಒಳಗೆ ಕರೆದ. ಅವಳು ಕುರ್ಚಿಯ ಪಕ್ಕದಲ್ಲಿ ನಿಂತಿದ್ದಳು, ಸೆರಗು ಹಣೆಯವರೆಗೆ ಇಳಿದಿತ್ತು. "ಈಕೆ ಕೂಡುತ್ತಲೂ ಇಲ್ಲ, ಮಾತಾಡುತ್ತಲೂ ಇಲ್ಲ" ಅಂದರು ಟೈ ಕಟ್ಟಿದ ಒಬ್ಬ ಪ್ರಾಧ್ಯಾಪಕರು.

ನಾನು ಮೇಜಿನ ಆಚೆ ನೋಡಿದೆ. ಇಬ್ಬರು ಟೈ ಕಟ್ಟಿದವರ ನಡುವೆ ಆಡಳಿತ ಮಂಡಳಿಯ ಹಿರಿಯರೊಬ್ಬರು ಕೂತಿದ್ದರು. ಧೋತರ, ಬಿಳಿ ಪಟಕಾ, ದಪ್ಪ ಮೀಸೆ. ಸಾಕ್ಷಾತ್ ಮಾವ.

ಹೊರಗೆ ಓಡಿಬಂದು ಹೇಳಿದೆ. ನಮ್ಮ ಮಾವನವರು ಬಾಗಿಲ ಸಂದಿಯಲ್ಲಿ ಇಣುಕಿ ನೋಡಿ ತಲೆಯಾಡಿಸಿದರು. "ಆಕೀದೇನೂ ತಪ್ಪಿಲ್ಲ. ಆ ಹಿರೇರಿಗೆ ಹೇಳ್ರಿ, ಸ್ವಲ್ಪ ಗ್ವಾಡಿ ಕಡೆ ಮುಖಾ ಮಾಡ್ಲಿ."

ಪರೀಕ್ಷಕರಿಗೆ ಗೋಡೆ ಕಡೆ ತಿರುಗಿ ಅಂತ ಹೇಳಿದ ಮೇಲೆ ಸೀಟಿನ ಆಸೆ ಯಾರಿಗಿರುತ್ತದೆ? ಆದರೂ ಹೋಗಿ ಆ ಹಿರಿಯರ ಕಿವಿಯಲ್ಲಿ ಸಂಗತಿ ಹೇಳಿದೆ. ಅವರು ಅವಳನ್ನೊಮ್ಮೆ ನೋಡಿದರು. ಆಮೇಲೆ ಎದ್ದು, ತಮ್ಮ ಕುರ್ಚಿಯನ್ನು ತಾವೇ ಎತ್ತಿ ಗೋಡೆಯ ಕಡೆ ತಿರುಗಿಸಿಟ್ಟುಕೊಂಡು ಕೂತರು. ಟೈ ಕಟ್ಟಿದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವಳು ಸೆರಗು ಸರಿಮಾಡಿಕೊಂಡು ಕೂತಳು. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು, ಬಂದಷ್ಟು ಇಂಗ್ಲಿಷಿನಲ್ಲಿ, ಬಾರದ್ದನ್ನು ಕನ್ನಡದಲ್ಲಿ. ಕೊನೆಗೆ ಹಿರಿಯರು ಗೋಡೆಗೆ ಕೇಳಿದರು, "ಮ್ಯಾನೇಜ್‌ಮೆಂಟ್ ಅಂದ್ರ ಏನವಾ, ನಿನ್ನ ಮಾತಿನಾಗ ಹೇಳು."

ಅವಳು ಬಹಳ ವಿಚಾರ ಮಾಡಲಿಲ್ಲ. "ಮನ್ಯಾಗ ಒಬ್ಬರಿಗೊಬ್ಬರು ಮಾತಾಡದವರು ಇದ್ರೂ ಕೆಲಸಾ ನಿಲ್ಲಬಾರದ್ರಿ. ಅದ ಮ್ಯಾನೇಜ್‌ಮೆಂಟ್."

ಹಿರಿಯರ ಬೆನ್ನು ಅಲುಗಿತು. ಗೋಡೆ ಕಡೆ ಮುಖ ಇಟ್ಟುಕೊಂಡೇ ಉಳಿದಿಬ್ಬರಿಗೆ ಹೇಳಿದರು, "ನಮ್ಮ ಆಡಳಿತ ಮಂಡಳ್ಯಾಗ ಮಾತು ಬಿಟ್ಟವರ ಬಾಳ ಮಂದಿ ಅದಾರ. ಮೊದಲ ಈಕಿನ್ನ ತಗೋರಿ."

ರವಿವಾರದ ಫೋನು

ಅವಳು ಹಾಸ್ಟೆಲ್ಲಿಗೆ ಹೋದಳು. ಬಸ್ಸು ಹತ್ತಿಸುವಾಗ ಕೂಡ "ಅಕ್ಕೋರ, ಜ್ವಾಕಿ ಅನ್ರಿ", "ಮೇಡಂ, ಗುಳಿಗಿ ಮರೀಬ್ಯಾಡ್ರಿ ಅನ್ರಿ" ಅಂತಲೇ ಆಯಿತು. ಬಸ್ಸು ತಿರುಗಿದ ಮೇಲೂ ಮಾವನವರು ನನ್ನ ಕಡೆ ನೋಡುತ್ತಾ ನಿಂತಿದ್ದರು, ನಾನು ಇನ್ನೇನೋ ತಲುಪಿಸುವುದು ಬಾಕಿ ಇದೆ ಅನ್ನುವ ಹಾಗೆ.

ಅದಾದ ಮೇಲೂ ಅವರು ರವಿವಾರ ಸಿಂದಗಿಗೆ ಬರುವುದು ಬಿಡಲಿಲ್ಲ. ನನ್ನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂಡುತ್ತಿದ್ದರು. ಹೊಸ ಹುಡುಗರು ಅವರನ್ನು ಕ್ಲಾಸಿನ ಕಾವಲುಗಾರ ಅಂತಲೇ ತಿಳಿದಿದ್ದರು. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಅಂಗಡಿಗೆ ಹೋಗುತ್ತಿದ್ದರು.

ಅಲ್ಲಿಯ ವ್ಯವಸ್ಥೆ ನೋಡಲಿಕ್ಕೆ ನಾನೂ ಒಮ್ಮೆ ಹೋಗಿದ್ದೆ. ಅಂಗಡಿಯವನು ನಂಬರು ಹಚ್ಚಿ, ರಿಸೀವರು ತನ್ನ ಕಿವಿಗೇ ಹಿಡಿದಿದ್ದ. ಮಾವನವರು ಪಕ್ಕದಲ್ಲಿ ನಿಂತು "ಊಟಾ ಹೆಂಗೈತಿ ಅಂತ ಕೇಳಪಾ" ಅಂದರು. ಅವನು ಕೇಳಿದ. ಆ ಕಡೆ ಫೋನು ಹಿಡಿದವಳು ಅವಳ ಕೋಣೆಯ ಗೆಳತಿ. ಗೆಳತಿ ಪಕ್ಕದಲ್ಲಿದ್ದ ಅವಳನ್ನು ಕೇಳಿ "ಚಲೋ ಐತಂತ್ರಿ" ಅಂದಳು. ಅಂಗಡಿಯವನು ತಿರುಗಿ "ಚಲೋ ಐತಂತ್ರಿ" ಅಂದ. ಗೋಡೆ ಮೇಲಿನ ಬಿಲ್ಲಿನ ಡಬ್ಬಿಯಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದವು. ಒಂದು ಮಾತು ನಾಲ್ಕು ಬಾಯಿ ದಾಟಿ ಬರುವಷ್ಟರಲ್ಲಿ ಅಲ್ಲಿ ರೊಟ್ಟಿ ಆರುತ್ತಿರಬೇಕು.

ಇನ್ನೊಂದು ರವಿವಾರ ನಾನು ಬಸ್ಸು ಹಿಡಿಯಲು ಹೋದಾಗ ಎಸ್‌ಟಿಡಿ ಅಂಗಡಿಯವನು ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ಚಹಾದ ಲೋಟ. "ಮೇಡಂ, ಸ್ವಲ್ಪ ನೋಡ್ರಿ. ನಂಬರ್ ಹಚ್ಚಿಕೊಟ್ಟು ಚಾ ತರಾಕ ಹೋಗಿದ್ದೆ. ಬಂದು ನೋಡಿದ್ರ ಹಿಂಗ ನಿಂತಾರ."

ಗಾಜಿನ ಬೂತಿನೊಳಗೆ ಮಾವನವರು ರಿಸೀವರನ್ನು ತಾವೇ ಕಿವಿಗೆ ಹಿಡಿದು ನಿಂತಿದ್ದರು. ತುಟಿ ಅಲುಗುತ್ತಿರಲಿಲ್ಲ. ಆ ದಿನ ಗೆಳತಿ ಊರಿಗೆ ಹೋಗಿದ್ದಳಂತೆ, ಆಮೇಲೆ ಸೊಸೆಯೇ ನನಗೆ ಹೇಳಿದಳು. ಆ ತುದಿಗೆ ಅವಳೊಬ್ಬಳೇ, ಈ ತುದಿಗೆ ಇವರೊಬ್ಬರೇ. ಇಬ್ಬರೂ ಫೋನು ಇಡಲಿಲ್ಲ, ಇಬ್ಬರೂ ಮಾತಾಡಲಿಲ್ಲ. ಕೆಂಪು ಅಂಕಿಗಳು ಮಾತ್ರ ತಮ್ಮ ಪಾಡಿಗೆ ಓಡುತ್ತಿದ್ದವು. ನಾನು ಒಳಗೆ ಹೋಗಿ ನಡುವೆ ನಿಲ್ಲಬಹುದಿತ್ತು. ಹೋಗಲಿಲ್ಲ.

ಬಹಳ ಹೊತ್ತಾದ ಮೇಲೆ ಅವರು ರಿಸೀವರನ್ನು ಮೆಲ್ಲಗೆ ಕೆಳಗಿಟ್ಟು, ಪಟಕಾದ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೊರಗೆ ಬಂದರು. ಅಂಗಡಿಯವನ ಕೈಯಲ್ಲಿ ಉದ್ದನೆಯ ಬಿಲ್ಲಿನ ಚೀಟಿ.

"ಯಜಮಾನ್ರ, ಒಂದು ಮಾತೂ ಆಡಿಲ್ಲ ನೀವು. ಇದನ್ನ ನಾ ಹೆಂಗ ತಗೊಳ್ಳಿರಿ?"

"ತಗೋಪಾ, ಅದರಾಗೇನೈತಿ" ಅಂತ ಮಾವನವರು ಕಿಸೆಗೆ ಕೈ ಹಾಕಿದರು. "ಆಕಿ ಮನ್ಯಾಗ ಇದ್ದಾಗ ಇಬ್ರೂ ಸುಮ್ನಿರೂದು ಪುಕ್ಕಟ ಇತ್ತು. ಈಗ ದೂರ ಹೋಗ್ಯಾಳ. ಸುಮ್ನಿರಾಕೂ ಎಸ್‌ಟಿಡಿ ರೇಟ್ ಬೀಳೂದ."